ಪ್ರವಚನದ ವೇದಿಕೆಯಿಂದ ಅರಳಿಕಟ್ಟೆಯವರೆಗೆ: ಆಸ್ತಿಕರಿಗೆ ಪ್ರಾಣಿಲೋಕದ ಪಾಠ

ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತನೊಬ್ಬ ಯದುರಾಜನಿಗೆ ತನ್ನ 24 ಗುರುಗಳ ವಿಷಯ ಹೇಳುತ್ತಾನೆ. ಭೂಮಿ, ಗಾಳಿ, ಸಮುದ್ರ, ಮಗು, ಬಾಣ ಮಾಡುವವನು ಎಂದು ಸಾಗುವ ಆ ಪಟ್ಟಿಯಲ್ಲಿ ಪಾರಿವಾಳ, ಹೆಬ್ಬಾವು, ಪತಂಗ, ಜೇನು, ಆನೆ, ಜಿಂಕೆ, ಮೀನು, ಕುರರ ಪಕ್ಷಿ, ಹಾವು, ಜೇಡ, ಕಣಜ ಎಂಬ ಹನ್ನೊಂದು ಜೀವಿಗಳಿವೆ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದಲ್ಲಿ ಭಾಗವತ ಸಪ್ತಾಹ ನಡೆದಾಗ ಈ ಪ್ರಸಂಗ ಬಾರದೆ ಇರುವುದಿಲ್ಲ. ಕೇಳುಗರು ಹೆಬ್ಬಾವಿನಿಂದ ತೃಪ್ತಿಯನ್ನೂ ಪತಂಗದಿಂದ ಇಂದ್ರಿಯನಿಗ್ರಹವನ್ನೂ ಕಲಿತು ಮನೆಗೆ ಹೋಗುತ್ತಾರೆ. ಆ ಹೆಬ್ಬಾವು, ಆ ಜೇಡ, ಆ ಕಣಜ ನಿಜವಾಗಿ ಹೇಗೆ ಬದುಕುತ್ತವೆ ಎಂಬುದು ಮಾತ್ರ ಪಾಠದ ಹೊರಗೇ ಉಳಿಯುತ್ತದೆ.

ಆಸ್ತಿಕರಿಗೆ ಅವರ ಗ್ರಂಥ, ಆಚರಣೆಗಳ ಮೂಲಕವೇ ಪ್ರಾಣಿ, ಪಕ್ಷಿ, ಗಿಡಮರಗಳನ್ನು ತಿಳಿಸಿಕೊಡುವ ಕೆಲಸಕ್ಕೆ ನಮ್ಮಲ್ಲಿ ಇನ್ನೂ ಒಂದು ಹೆಸರಿಲ್ಲ. ಆದರೆ ಕೆಲಸ ನಡೆದಿದೆ. ಹಳೆಯ ಬೆಂಗಳೂರಿನ ಈ ಮೂರು ಬಡಾವಣೆಗಳಲ್ಲಿ ಶತಮಾನಕ್ಕೂ ಮಿಕ್ಕಿ ಅದು ಎರಡು ಕವಲುಗಳಲ್ಲಿ ಹರಿದಿದೆ. ಒಂದು ಕವಲು ಪ್ರವಚನ, ಹರಿಕಥೆ, ಗಮಕಗಳದು. ಇನ್ನೊಂದು ಕಾಲೇಜು, ಉದ್ಯಾನ, ಸಂಶೋಧನಾಲಯಗಳದು. ಇವು ಎಲ್ಲೆಲ್ಲಿ ಕೂಡಿದವು, ಎಲ್ಲೆಲ್ಲಿ ಅಗಲಿದವು, ಮುಂದೆ ಕೂಡುವುದು ಹೇಗೆ ಎಂಬುದು ಈ ಸಮೀಕ್ಷೆಯ ವಿಷಯ.

ಗ್ರಂಥದೊಳಗೇ ಇದ್ದ ಪಾಠ

ಪ್ರಾಣಿಯನ್ನು ನೋಡಿ ಕಲಿಯುವುದು ಹೊರಗಿನಿಂದ ಬಂದ ಅಭ್ಯಾಸವಲ್ಲ. ಛಾಂದೋಗ್ಯ ಉಪನಿಷತ್ತಿನ ಸತ್ಯಕಾಮ ಜಾಬಾಲನಿಗೆ ಗುರು ಮೊದಲು ಒಪ್ಪಿಸಿದ್ದು 400 ಬಡಕಲು ಹಸುಗಳನ್ನು. ಅವು ಸಾವಿರವಾಗುವವರೆಗೂ ಅವನು ಕಾಡಿನಲ್ಲಿ ಮೇಯಿಸಿದ. ಬ್ರಹ್ಮದ ಒಂದೊಂದು ಪಾದವನ್ನು ಅವನಿಗೆ ಹೇಳಿಕೊಟ್ಟವರು ಕ್ರಮವಾಗಿ ಹೋರಿ, ಅಗ್ನಿ, ಹಂಸ ಮತ್ತು ಮದ್ಗು ಎಂಬ ನೀರುಹಕ್ಕಿ. ಅದೇ ಉಪನಿಷತ್ತಿನಲ್ಲಿ ಉದ್ದಾಲಕ ತನ್ನ ಮಗ ಶ್ವೇತಕೇತುವಿನ ಕೈಗೆ ಆಲದ ಹಣ್ಣು ಕೊಟ್ಟು ಒಡೆಯಲು ಹೇಳುತ್ತಾನೆ, ಒಳಗಿನ ಬೀಜವನ್ನೂ ಒಡೆಸುತ್ತಾನೆ. ಕಾಣುವುದನ್ನು ಮೊದಲು ನೋಡಿಸಿ, ಅಲ್ಲಿಂದ ಕಾಣದ್ದರ ಕಡೆಗೆ ಕರೆದೊಯ್ಯುವ ಕ್ರಮ ಅದು.

ಕನ್ನಡದಲ್ಲಿಯೂ ಈ ಪರಂಪರೆ ಹಳೆಯದು. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ಬರೆದ ಲೋಕೋಪಕಾರದಲ್ಲಿ ಗಿಡಮರಗಳ ಆರೈಕೆಯೂ ದನಕರುಗಳ ಚಿಕಿತ್ಸೆಯೂ ಸೇರಿವೆ. 12ನೆಯ ಶತಮಾನದ ಚಾಲುಕ್ಯ ರಾಜಪುತ್ರ ಕೀರ್ತಿವರ್ಮ ಹಸುಗಳ ರೋಗಗಳಿಗೆಂದೇ ಗೋವೈದ್ಯ ಬರೆದ. ಜನ್ನನ ಯಶೋಧರ ಚರಿತೆ (1209) ಇನ್ನೂ ಆಳಕ್ಕೆ ಇಳಿಯುತ್ತದೆ. ತಾಯಿಯ ಒತ್ತಾಯಕ್ಕೆ ಕಟ್ಟುಬಿದ್ದ ಅರಸ ನಿಜವಾದ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಆ ಸಂಕಲ್ಪದ ಹಿಂಸೆಗಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ, ಕೊಲ್ಲಿಸಿಕೊಳ್ಳುವ ನೋವನ್ನು ತಾವೇ ಉಣ್ಣುತ್ತಾರೆ. ಪ್ರಾಣಿಯ ಪಾಡು ಏನೆಂದು ಭಕ್ತನಿಗೆ ಒಳಗಿನಿಂದ ತೋರಿಸಲು ಇದಕ್ಕಿಂತ ಬಲವಾದ ಪಾಠ ನಮ್ಮ ಭಾಷೆಯಲ್ಲಿ ಸಿಗುವುದು ಕಷ್ಟ. ಇದು ಹೇಳಿದ ವಿಷಯ ಸುಮಾರು ಏಳೂವರೆ ಶತಮಾನಗಳ ನಂತರ ಬೇರೊಂದು ರೂಪದಲ್ಲಿ ಕಾನೂನಿನ ಪುಸ್ತಕಕ್ಕೂ ಬಂತು. 1959ರಲ್ಲಿ ರಾಜ್ಯದ ಶಾಸಕಾಂಗ ದೇವಸ್ಥಾನಗಳಲ್ಲಿ ಪ್ರಾಣಿಬಲಿಯನ್ನು ತಡೆಯುವ ಕಾಯ್ದೆ ಮಾಡಿತು.

ಬಡಾವಣೆಗಳು, ವೇದಿಕೆಗಳು

ಚಾಮರಾಜಪೇಟೆ 1892ರಲ್ಲಿ ಕಟ್ಟಿದ ಬಡಾವಣೆ. 1898ರ ಪ್ಲೇಗ್ ಬಂದ ಮೇಲೆ ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರಗೆ ತರಲು ಬಸವನಗುಡಿ, ಮಲ್ಲೇಶ್ವರ ಬೆಳೆದವು. ಒಂದಕ್ಕೆ ದೊಡ್ಡ ಬಸವನ ಹೆಸರು, ಇನ್ನೊಂದಕ್ಕೆ ಕಾಡು ಮಲ್ಲೇಶ್ವರನ ಹೆಸರು. ಗಾಳಿ ಬೆಳಕು ಬೇಕೆಂದು ಅಗಲ ರಸ್ತೆ, ಸಾಲುಮರ, ಮನೆಯ ಸುತ್ತ ತೋಟ ಇಟ್ಟುಕೊಂಡ ಈ ಬಡಾವಣೆಗಳಲ್ಲಿ ಮಠಗಳು, ಪಾಠಶಾಲೆಗಳು, ಸಭಾಂಗಣಗಳು ಒಂದರ ಹಿಂದೆ ಒಂದು ಬಂದವು. ಬುಲ್ ಟೆಂಪಲ್ ರಸ್ತೆಯಲ್ಲಿ ರಾಮಕೃಷ್ಣ ಮಠ, ಶಂಕರಪುರದಲ್ಲಿ ಶಂಕರ ಮಠ, ಚಾಮರಾಜಪೇಟೆಯಲ್ಲಿ ಸಂಸ್ಕೃತ ಕಾಲೇಜು ಮತ್ತು ಕನ್ನಡ ಸಾಹಿತ್ಯ ಪರಿಷತ್ತು. 1939ರಲ್ಲಿ ಶುರುವಾದ ರಾಮಸೇವಾ ಮಂಡಲಿ ಕೋಟೆ ಹೈಸ್ಕೂಲು ಮೈದಾನದಲ್ಲಿ ರಾಮನವಮಿಯ ಸಂಗೀತೋತ್ಸವವನ್ನು ಊರಿನ ಹಬ್ಬವಾಗಿಸಿತು. 1945ರಲ್ಲಿ ಡಿ.ವಿ. ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಅಲ್ಲಿ ಅವರು ನಡೆಸಿದ ಗೀತೆಯ ಪಾಠಗಳೇ ಮುಂದೆ ಜೀವನಧರ್ಮಯೋಗವಾಗಿ, 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವು.

ಈ ವೇದಿಕೆಗಳ ಮೇಲೆ ಪ್ರಾಣಿಗಳು ಕಡಿಮೆಯೇನಿರಲಿಲ್ಲ. ಜೈಮಿನಿ ಭಾರತದ ಗಮಕದಲ್ಲಿ ಯಜ್ಞಾಶ್ವ, ಗಜೇಂದ್ರಮೋಕ್ಷದ ಹರಿಕಥೆಯಲ್ಲಿ ಆನೆ ಮತ್ತು ಮೊಸಳೆ, ರಾಮಕಥೆಯಲ್ಲಿ ಜಟಾಯು, ಅಳಿಲು, ಕಪಿಸೇನೆ. ಅಕ್ಷರ ಬಾರದ ಅಜ್ಜಿಯೂ ಶಾಲೆಗೆ ಹೋಗುವ ಮೊಮ್ಮಗಳೂ ಒಟ್ಟಿಗೆ ಕೂತು ಕಲಿಯುತ್ತಿದ್ದ ತರಗತಿ ಅದು. ಪ್ರಾಣಿಯ ಬಗ್ಗೆ ಮರುಕ, ಸಲುಗೆ, ಭಕ್ತಿ ಮೂರನ್ನೂ ಅದು ಬೆಳೆಸಿತು. ಗುಣ ದೊಡ್ಡದು, ಕೊರತೆಯೂ ಅಷ್ಟೇ ಸ್ಪಷ್ಟ. ಪ್ರಾಣಿ ಅಲ್ಲಿ ಯಾವಾಗಲೂ ಬೇರೆ ಯಾವುದಕ್ಕೋ ದೃಷ್ಟಾಂತ. ಅದರ ಸ್ವಂತ ಬದುಕು ಮಾತಿಗೆ ಬರುತ್ತಿರಲಿಲ್ಲ.

ವಾಲ್ಮೀಕಿಯ ಕ್ರೌಂಚವನ್ನೇ ತೆಗೆದುಕೊಳ್ಳಿ. ಬೇಡನ ಬಾಣಕ್ಕೆ ಸಿಕ್ಕ ಗಂಡುಹಕ್ಕಿ, ಗೋಳಾಡುವ ಹೆಣ್ಣುಹಕ್ಕಿ, ಅದನ್ನು ಕಂಡು ಹುಟ್ಟಿದ ಶ್ಲೋಕ ಎಲ್ಲರಿಗೂ ಗೊತ್ತು. ಹಕ್ಕಿ ಯಾವುದು ಎಂದರೆ ಹೆಚ್ಚಿನವರು ಕೊಕ್ಕರೆಯ ಕಡೆ ಕೈ ತೋರಿಸುತ್ತಾರೆ. ಜೂಲಿಯಾ ಲೆಸ್ಲಿ ಎಂಬ ವಿದ್ವಾಂಸೆ 1998ರಲ್ಲಿ ಈ ಪ್ರಶ್ನೆಯನ್ನೇ ಹಿಡಿದು ಪ್ರಬಂಧ ಬರೆದರು. ಕಾವ್ಯ ಹೇಳುವ ತಾಮ್ರವರ್ಣದ ತಲೆ, ಬಿಡದ ಜೋಡಿ, ದೂರಕ್ಕೆ ಕೇಳುವ ಕೂಗು ಇವೆಲ್ಲ ಸಾರಸ್ ಹಕ್ಕಿಗೆ ಹೊಂದುತ್ತವೆ ಎಂದು ಅವರು ತೋರಿಸಿದರು. ಹಾರುವ ಹಕ್ಕಿಗಳಲ್ಲೆಲ್ಲ ಅತಿ ಎತ್ತರದ್ದು ಸಾರಸ್. ಗಂಡು ಹೆಣ್ಣು ಕತ್ತೆತ್ತಿ ಜೊತೆಯಾಗಿ ಕೂಗುತ್ತವೆ, ವರ್ಷ ವರ್ಷ ಒಂದೇ ಜೋಡಿಯಾಗಿ ಬಾಳುತ್ತವೆ. ಇದನ್ನು ತಿಳಿದು ಮತ್ತೆ ಬಾಲಕಾಂಡ ಓದಿದರೆ ಆ ಹೆಣ್ಣುಹಕ್ಕಿಯ ಅಳಲು ಕವಿಸಮಯವಾಗಿ ಉಳಿಯುವುದಿಲ್ಲ, ಕಣ್ಣಾರೆ ಕಂಡ ಸಂಗತಿಯಾಗುತ್ತದೆ. ಪ್ರಾಣಿಜ್ಞಾನ ಶ್ರದ್ಧೆಯನ್ನು ತಗ್ಗಿಸುವುದಿಲ್ಲ, ಕಾವ್ಯವನ್ನು ಇನ್ನಷ್ಟು ಹತ್ತಿರ ತರುತ್ತದೆ ಎನ್ನುವುದಕ್ಕೆ ಇದೊಂದೇ ಉದಾಹರಣೆ ಸಾಕು.

ಇನ್ನೊಂದು ಕವಲು

ಅದೇ ಬೀದಿಗಳಲ್ಲಿ ಇನ್ನೊಂದು ಬಗೆಯ ಪಾಠವೂ ಬೆಳೆಯುತ್ತಿತ್ತು. ಗುಂಡಪ್ಪನವರ ಮಗ ಬಿ.ಜಿ.ಎಲ್. ಸ್ವಾಮಿ ಸಸ್ಯಶಾಸ್ತ್ರಜ್ಞರಾದರು. ವಿದ್ಯಾರ್ಥಿಗಳನ್ನು ಕಾಡುಮೇಡು ಸುತ್ತಿಸಿದ ಅನುಭವಗಳನ್ನು ಹಸುರು ಹೊನ್ನು ಎಂದು ಬರೆದು 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ತಂದೆ ಗೀತೆ ಹೇಳಿದರು, ಮಗ ಗಿಡ ತೋರಿಸಿದರು. ಒಂದೇ ಮನೆಯ ಈ ಎರಡು ವಿದ್ಯೆಗಳು ಊರಿನ ಎರಡು ಕವಲುಗಳನ್ನು ಚೆನ್ನಾಗಿ ಹೇಳುತ್ತವೆ.

ಸ್ವಾಮಿಯವರ ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ ಓದಿದವರು ಕಡಲೆಕಾಯಿ ಪರಿಷೆಯನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ. ಕಡಲೆಕಾಯಿ ಬೆಳೆಯನ್ನು ರಾತ್ರಿ ಮೇಯುತ್ತಿದ್ದ ಬಸವನಿಗೆ ರೈತರು ಗುಡಿ ಕಟ್ಟಿ, ಮೊದಲ ಫಸಲನ್ನು ಒಪ್ಪಿಸಿದರೆಂಬುದು ಸ್ಥಳಪುರಾಣ. ಕಾರ್ತಿಕದ ಕೊನೆಯ ಸೋಮವಾರ ಇಂದಿಗೂ ಅದು ನಡೆಯುತ್ತದೆ. ಆ ಕಡಲೆಕಾಯಿ ದಕ್ಷಿಣ ಅಮೆರಿಕದ ಮೂಲದ ಗಿಡ, ಕಡಲು ದಾಟಿ ಬಂದದ್ದು. ದೂರದಿಂದ ಬಂದ ಬೆಳೆಯನ್ನು ಸುಂಕೇನಹಳ್ಳಿಯ ಸುತ್ತಿನ ರೈತರು ತಮ್ಮ ದೇವರ ಪ್ರಸಾದವಾಗಿಸಿಕೊಂಡರು. ಪರಿಷೆಗೆ ಇದರಿಂದ ಕುಂದಿಲ್ಲ. ನಮ್ಮ ಭಕ್ತಿಗೆ ಹೊಸದನ್ನು ಮನೆಯೊಳಗೆ ಕರೆದುಕೊಳ್ಳುವ ಶಕ್ತಿ ಇದೆ ಎಂಬುದಕ್ಕೆ ಅದು ಸಾಕ್ಷಿ.

1962ರಲ್ಲಿ ಎಚ್. ನರಸಿಂಹಯ್ಯನವರು (ಎಚ್ಚೆನ್) ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ವಿಜ್ಞಾನದ ಉಪನ್ಯಾಸಕ್ಕೆ ಸಂಜೆ ಸಂಜೆ ಜನ ಬಂದು ಕೂರುವ ಅಭ್ಯಾಸ ಅಲ್ಲಿ ಬೆಳೆಯಿತು. ಲಾಲ್‌ಬಾಗಿನಲ್ಲಿ ಭಾನುವಾರದ ಬೆಳಗ್ಗೆ ಹಕ್ಕಿ ನೋಡುವ ಬಳಗಗಳು ಸೇರತೊಡಗಿದವು. ಆದರೆ ಎಚ್ಚೆನ್ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದಾಗ ಎದ್ದ ಬಿರುಸಿನ ಚರ್ಚೆಯಲ್ಲಿ ವಿಜ್ಞಾನ ಒಂದು ಪಕ್ಷ, ಶ್ರದ್ಧೆ ಇನ್ನೊಂದು ಪಕ್ಷ ಎಂಬ ಭಾವನೆ ಬಲವಾಯಿತು. ಪ್ರಶ್ನೆ ಕೇಳುವ ಧೈರ್ಯ ಕೊಟ್ಟ ಎಚ್ಚೆನ್ ಅವರ ಋಣ ಊರಿನ ಮೇಲೆ ದೊಡ್ಡದು. ಹಾಗಿದ್ದೂ ಪ್ರಾಣಿ, ಗಿಡಗಳ ಪಾಠಕ್ಕೆ ಈ ಪಕ್ಷಭೇದದ ಅಗತ್ಯವೇ ಇರಲಿಲ್ಲ.

ದೇವರ ಕಾಡು ತಿರುಗಿಸಿದ ದಿಕ್ಕು

ಎರಡು ಕವಲುಗಳು ಗಂಭೀರವಾಗಿ ಭೇಟಿಯಾದದ್ದು ಮಲ್ಲೇಶ್ವರದ ಅಂಚಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. 1973ರಲ್ಲಿ ಅಲ್ಲಿಗೆ ಬಂದ ಮಾಧವ ಗಾಡ್ಗೀಳ್ ಅವರು ಸಸ್ಯಶಾಸ್ತ್ರಜ್ಞ ವಿ.ಡಿ. ವರ್ತಕ್ ಅವರೊಡನೆ ದೇವರ ಕಾಡುಗಳ ಬಗ್ಗೆ 1970ರ ದಶಕದ ನಡುವೆ ಪ್ರಕಟಿಸಿದ ಬರಹಗಳು ಹೊಸ ದಾರಿ ತೆರೆದವು. ಕೊಡಲಿ ಹಾಕಬಾರದೆಂಬ ನಂಬಿಕೆಯನ್ನು ಅವರು ತಳ್ಳಿಹಾಕಲಿಲ್ಲ. ಆ ನಂಬಿಕೆ ಯಾವ ಮರವನ್ನು, ಯಾವ ನೀರಿನ ಸೆಲೆಯನ್ನು, ಯಾವ ಜೀವಿಯನ್ನು ಉಳಿಸಿದೆ ಎಂದು ಅಳೆದು ನೋಡಿದರು. 1983ರಲ್ಲಿ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರ ರೂಪುಗೊಂಡಿತು. ಕೊಡಗಿನ 1200ಕ್ಕೂ ಹೆಚ್ಚು ದೇವರಕಾಡುಗಳು, ಎಂ.ಡಿ. ಸುಭಾಷ್ ಚಂದ್ರನ್ ಅಧ್ಯಯನ ಮಾಡಿದ ಉತ್ತರ ಕನ್ನಡದ ಕಾನು ಎಂಬ ದೇವರ ಕಾಡುಗಳು ವಿದ್ವತ್ತಿನ ವಿಷಯಗಳಾದವು.

ಊರೊಳಗಿನ ದೇವರ ಕಾಡು ಎಂದರೆ ಅರಳಿಕಟ್ಟೆ. ಹರಿಣಿ ನಾಗೇಂದ್ರ ಅವರು 2016ರಲ್ಲಿ ಪ್ರಕಟಿಸಿದ ಬೆಂಗಳೂರಿನ ಪ್ರಕೃತಿಯ ಕುರಿತ ಪುಸ್ತಕದಲ್ಲಿ ಕೆರೆ, ಉದ್ಯಾನಗಳ ಜೊತೆಗೆ ಪೂಜೆಗೊಳ್ಳುವ ಮರಗಳಿಗೂ ಜಾಗವಿದೆ. ರಸ್ತೆ ಅಗಲ ಮಾಡುವಾಗ ಮರ ಉರುಳುವ ಊರಿನಲ್ಲಿ ಅರಿಸಿನ ಕುಂಕುಮ ಹಚ್ಚಿಸಿಕೊಂಡ ಅರಳಿಯನ್ನು ಕಡಿಯಲು ಕೈ ಹಿಂಜರಿಯುತ್ತದೆ. ಆ ಹಿಂಜರಿಕೆ ಹಕ್ಕಿಗಳಿಗೂ ಬಾವಲಿಗಳಿಗೂ ಅನ್ನ ಕೊಡುತ್ತಿದೆ.

ಇಲ್ಲಿ ಅತ್ತಿಮರದ ಬಳಿ ಸ್ವಲ್ಪ ನಿಲ್ಲಬೇಕು. ದತ್ತಾತ್ರೇಯನ ಭಕ್ತರಿಗೆ ಅದು ಔದುಂಬರ, ಪ್ರದಕ್ಷಿಣೆ ಹಾಕಬೇಕಾದ ವೃಕ್ಷ. ಅತ್ತಿಹಣ್ಣು ಬಿಚ್ಚಿದರೆ ಹುಳ ಎಂಬ ಗಾದೆಯೂ ನಮ್ಮಲ್ಲಿದೆ, ಅಸಹ್ಯದ ಧಾಟಿಯಲ್ಲಿ. ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ಮತ್ತು ಸಂಗಡಿಗರು ಅದೇ ಅತ್ತಿಯ ಅದೇ ಹುಳುವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ನಾವು ಕಾಯಿ ಎನ್ನುವುದು ಹೂಗಳನ್ನು ಒಳಮುಖವಾಗಿ ಹೊತ್ತ ಗುಂಡು ಚೀಲ. ಅದರ ತುದಿಯ ಸಣ್ಣ ಕಿಂಡಿಯಲ್ಲಿ ಹೆಣ್ಣು ಕಣಜವೊಂದು ನುಸುಳುತ್ತದೆ. ದಾರಿ ಎಷ್ಟು ಇಕ್ಕಟ್ಟೆಂದರೆ ರೆಕ್ಕೆಗಳು ಅಲ್ಲೇ ಮುರಿಯುತ್ತವೆ. ಒಳಗೆ ಅದು ತಾನು ತಂದ ಪರಾಗವನ್ನು ಹೂಗಳಿಗೆ ಮುಟ್ಟಿಸಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ. ಮರಿಗಳಲ್ಲಿ ಗಂಡಿಗೆ ರೆಕ್ಕೆಯೇ ಇಲ್ಲ. ಅದು ಹೆಣ್ಣನ್ನು ಕೂಡಿ, ಹೊರಗೆ ಹೋಗಲು ಗೋಡೆ ಕೊರೆದು ದಾರಿ ಮಾಡಿಕೊಟ್ಟು ಜೀವ ಬಿಡುತ್ತದೆ. ಹೆಣ್ಣು ಪರಾಗ ಹೊತ್ತು ಹಾರಿ, ಬಹಳ ಅಲ್ಪ ಆಯುಸ್ಸಿನಲ್ಲಿ ಇನ್ನೊಂದು ಅತ್ತಿಯನ್ನು ಹುಡುಕಬೇಕು. ಈ ಕಣಜವಿಲ್ಲದೆ ಅತ್ತಿಯಲ್ಲಿ ಬೀಜ ಕಟ್ಟುವುದಿಲ್ಲ, ಅತ್ತಿಯಿಲ್ಲದೆ ಕಣಜದ ವಂಶವಿಲ್ಲ. ಔದುಂಬರಕ್ಕೆ ಪ್ರದಕ್ಷಿಣೆ ಹಾಕುವ ಭಕ್ತರಿಗೆ ಇದನ್ನು ಹೇಳಿದರೆ ಹುಳದ ಬಗೆಗಿನ ಹೇಸಿಗೆ ಹೋಗಿ, ಮರದ ಮೇಲಿನ ಗೌರವ ಇಮ್ಮಡಿಸುತ್ತದೆ. ಉದ್ದಾಲಕ ಹಣ್ಣು ಒಡೆಸಿದ್ದೂ ಇಂಥ ಬೆರಗಿಗಾಗಿಯೇ.

ಆಚರಣೆಗೆ ಇಳಿದ ಪಾಠ

ಕಳೆದ ಕೆಲವು ದಶಕಗಳಲ್ಲಿ ಪಾಠ ಗ್ರಂಥದಿಂದ ಹಬ್ಬಕ್ಕೆ ಇಳಿದಿದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಗಣಪತಿಗಳು ಕೆರೆಗಳನ್ನು ತುಂಬತೊಡಗಿದಾಗ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2010ರಲ್ಲಿ ವಿಸರ್ಜನೆಯ ಮಾರ್ಗಸೂಚಿ ತಂದಿತು, 2020ರಲ್ಲಿ ಅದನ್ನು ಬಿಗಿ ಮಾಡಿತು. ನಿಯಮಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಹಳೆಯ ಸಂಪ್ರದಾಯದ ನೆನಪು. ಕೆರೆಯ ಜೇಡಿಮಣ್ಣಿನಲ್ಲಿ ಗಣಪನನ್ನು ಮಾಡಿ ಅದೇ ನೀರಿಗೆ ಮರಳಿಸುವುದೇ ಮೂಲ ಪದ್ಧತಿ ಎಂದಾಗ ಮನೆಮನೆಯವರು ಒಪ್ಪಿದರು. ಬಣ್ಣವಿಲ್ಲದ ಮಣ್ಣಿನ ಗಣಪತಿ ಈಗ ಗಾಂಧಿಬಜಾರಿನಲ್ಲೂ ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲೂ ಸಲೀಸಾಗಿ ಸಿಗುತ್ತದೆ.

ನಾಗರಪಂಚಮಿಯದೂ ಅದೇ ಹಾದಿ. ಹಾವು ಮಾಂಸಾಹಾರಿ, ಹಾಲು ಅದರ ಆಹಾರವಲ್ಲ. ಹಾವಾಡಿಗರ ಬುಟ್ಟಿಯಲ್ಲಿ ಬಾಯಾರಿ ಬಳಲಿದ ನಾಗರ ಮಾತ್ರ ಎದುರಿಗಿಟ್ಟ ಹಾಲಿಗೆ ಬಾಯಿ ಹಾಕುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಾವನ್ನು ಹಿಡಿದು ಆಡಿಸುವುದನ್ನು ತಡೆಯಿತು. ಭಕ್ತರ ಮನಸ್ಸನ್ನು ಮುಟ್ಟಿದ್ದು ಮಾತ್ರ ಸರಳವಾದ ಇನ್ನೊಂದು ಮಾತು: ನಮ್ಮ ಹಿರಿಯರು ತನಿ ಎರೆದದ್ದು ಕಟ್ಟೆಯ ನಾಗರಕಲ್ಲಿಗೆ ಮತ್ತು ಹುತ್ತಕ್ಕೆ, ಹಾವಿನ ಬಾಯಿಗಲ್ಲ. ಪೂಜೆಯೂ ಉಳಿಯಿತು, ಹಾವೂ ಉಳಿಯುವ ದಾರಿಯಾಯಿತು.

ತಿಳಿವಳಿಕೆ ಭಕ್ತಿಯನ್ನು ಕುಗ್ಗಿಸದು ಎಂಬುದಕ್ಕೆ ಪ್ರಾಣಿಲೋಕದ ಹೊರಗೂ ಒಂದು ನಿದರ್ಶನವಿದೆ. ಗವಿಪುರದ ಗವಿ ಗಂಗಾಧರೇಶ್ವರದಲ್ಲಿ ಸಂಕ್ರಾಂತಿಯ ಸಂಜೆ ನಂದಿಯ ಕೊಂಬುಗಳ ನಡುವೆ ಹಾದು ಬರುವ ಬಿಸಿಲು ಲಿಂಗವನ್ನು ಮುಟ್ಟುತ್ತದೆ. ನೆಹರೂ ತಾರಾಲಯದ ಬಿ.ಎಸ್. ಶೈಲಜಾ ಮತ್ತು ಸಂಗಡಿಗರು ಇದನ್ನು ಅಳೆದು 2008ರಲ್ಲಿ ಪ್ರಬಂಧ ಪ್ರಕಟಿಸಿದರು. ಹಾಗೆ ಬೆಳಕು ಬೀಳುವುದು ವರ್ಷಕ್ಕೆ ಎರಡು ಬಾರಿ ಎಂದು ಅದರಿಂದ ತಿಳಿಯಿತು. ಲೆಕ್ಕ ಗೊತ್ತಾಯಿತೆಂದು ಸಂಕ್ರಾಂತಿಯ ಭಕ್ತರು ಕಡಿಮೆಯಾಗಿಲ್ಲ.

ಹೊರಗಿನ ಒಂದು ಹೋಲಿಕೆ

ಗ್ರಂಥದ ಮೂಲಕ ಪ್ರಾಣಿ, ಗಿಡಗಳನ್ನು ತಿಳಿಸುವ ಇದೇ ಕೆಲಸವನ್ನು ಯೆಹೂದಿಗಳು ಸ್ಪಷ್ಟ ಹೆಸರಿಟ್ಟು, ಸಂಸ್ಥೆ ಕಟ್ಟಿ ಮಾಡಿದ್ದಾರೆ. ಇಸ್ರೇಲಿನಲ್ಲಿ ನೋಗಾ ಹರೆಉವೇನಿ ಕಟ್ಟಿದ ನೆಓತ್ ಕೆದೂಮಿಮ್ ಎಂಬ ವಿಶಾಲ ತೋಟದಲ್ಲಿ ಧರ್ಮಗ್ರಂಥದ ಗಿಡಮರಗಳನ್ನು ನೆಟ್ಟು ಬೆಳೆಸಲಾಗಿದೆ. ರಬ್ಬಿ ನಾತನ್ ಸ್ಲಿಫ್ಕಿನ್ 2014ರಲ್ಲಿ ಬೇತ್ ಶೆಮೆಷ್ ಪಟ್ಟಣದಲ್ಲಿ ಬೈಬಲ್ಲಿನ ಪ್ರಾಣಿಗಳ ವಸ್ತುಸಂಗ್ರಹಾಲಯ ತೆರೆದರು. ಕಟ್ಟಾ ಧಾರ್ಮಿಕ ಕುಟುಂಬಗಳ ಮಕ್ಕಳೂ ಅಲ್ಲಿಗೆ ಬರುತ್ತಾರೆ. ಹಾದಿ ಸುಗಮವಾಗಿರಲಿಲ್ಲ. ಅವರ ಧರ್ಮಗ್ರಂಥವಾದ ತೋರಾದಲ್ಲಿ ಮೊಲವನ್ನು ಮೆಲುಕು ಹಾಕುವ ಪ್ರಾಣಿ ಎಂದಿದೆ, ಹಸುವಿನ ಅರ್ಥದಲ್ಲಿ ಮೊಲ ಮೆಲುಕು ಹಾಕುವುದಿಲ್ಲ. ಇಂಥ ತೊಡಕುಗಳನ್ನು ಮುಚ್ಚಿಡದೆ ಚರ್ಚಿಸಿದ್ದಕ್ಕೆ ಅವರ ಮೂರು ಪುಸ್ತಕಗಳನ್ನು 2005ರ ಹೊತ್ತಿಗೆ ಹಲವು ಹಿರಿಯ ರಬ್ಬಿಗಳು ಬಹಿಷ್ಕರಿಸಿದರು. ಪೂರ್ವಾಚಾರ್ಯರು ಪ್ರಕೃತಿಯ ವಿಷಯದಲ್ಲಿ ತಮ್ಮ ಕಾಲದ ತಿಳಿವಳಿಕೆಯನ್ನೇ ಹೇಳಿದರು ಎಂಬ ನಿಲುವು ಮಧ್ಯಯುಗದ ಯೆಹೂದಿ ಪಂಡಿತರಲ್ಲೇ ಇತ್ತೆಂದು ತೋರಿಸಿ ಸ್ಲಿಫ್ಕಿನ್ ಕೆಲಸ ಮುಂದುವರಿಸಿದರು.

ನಮಗೂ ಇಂಥ ತೊಡಕಿದೆ, ಪರಿಹಾರವೂ ಮನೆಯಲ್ಲೇ ಇದೆ. ಅವಧೂತನ ಜೇಡ ತನ್ನೊಳಗಿಂದ ನೂಲು ತೆಗೆದು ಬಲೆ ಕಟ್ಟಿ ಕೊನೆಗೆ ಅದನ್ನೇ ನುಂಗುತ್ತದೆ. ಇದು ಅಪ್ಪಟ ನಿಜ: ದುಂಡು ಬಲೆ ಹೆಣೆಯುವ ಹಲವು ಜೇಡಗಳು ಹಳೆಯ ಬಲೆಯನ್ನು ತಿಂದು, ಅದರ ಸತ್ವದಿಂದ ಹೊಸ ನೂಲು ತೆಗೆಯುತ್ತವೆ. ಕಣಜದ ಕಥೆ ಹಾಗಲ್ಲ. ಗೂಡಿನೊಳಗೆ ಸಿಕ್ಕಿದ ಹುಳು ಭಯದಿಂದ ಕಣಜವನ್ನೇ ಧ್ಯಾನಿಸಿ ತಾನೂ ಕಣಜವಾಗುತ್ತದೆ ಎನ್ನುವುದು ಭ್ರಮರಕೀಟ ನ್ಯಾಯ. ನಡೆಯುವುದೇ ಬೇರೆ. ಕಣಜ ಮಣ್ಣಿನ ಗೂಡಿನಲ್ಲಿ ಮೊಟ್ಟೆಯಿಟ್ಟು, ಕಂಬಳಿಹುಳವನ್ನು ಕುಟುಕಿ ಮರಗಟ್ಟಿಸಿ ತಂದಿಟ್ಟು ಬಾಯಿ ಮುಚ್ಚುತ್ತದೆ. ಮರಿ ಆ ಹುಳವನ್ನು ತಿಂದು ಬೆಳೆದು ಹೊರಬರುತ್ತದೆ. ಒಳಗೆ ಹುಳ ಹೋದದ್ದನ್ನೂ ಹೊರಗೆ ಕಣಜ ಬಂದದ್ದನ್ನೂ ಹಿರಿಯರು ಸರಿಯಾಗಿಯೇ ಕಂಡಿದ್ದರು. ಗೋಡೆಯೊಳಗಿನದು ಕಾಣಲಿಲ್ಲ.

ಪ್ರವಚನಕಾರರು ಇದನ್ನು ಹೇಳಿದರೆ ಶಾಸ್ತ್ರಕ್ಕೆ ಭಂಗವೇ? ಗೀತಾಭಾಷ್ಯದ ಕೊನೆಯ ಅಧ್ಯಾಯದಲ್ಲಿ ಶಂಕರಾಚಾರ್ಯರು ಉತ್ತರ ಕೊಟ್ಟಿದ್ದಾರೆ. ಬೆಂಕಿ ತಣ್ಣಗಿದೆ ಎಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗದು ಎನ್ನುವುದು ಅವರ ನಿಲುವು. ಪ್ರತ್ಯಕ್ಷಕ್ಕೆ ಎಟುಕುವ ವಿಷಯದಲ್ಲಿ ಪ್ರತ್ಯಕ್ಷವೇ ಪ್ರಮಾಣ, ಶ್ರುತಿಯ ಕ್ಷೇತ್ರ ಅದಕ್ಕೆ ಎಟುಕದ್ದು. 1920ರಲ್ಲಿ ಬೆಂಗಳೂರಿನಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಕಟ್ಟಿದ ವೈ. ಸುಬ್ಬರಾಯರು, ಮುಂದೆ ಸಚ್ಚಿದಾನಂದೇಂದ್ರ ಸರಸ್ವತಿಗಳಾದವರು, ಈ ಭಾಷ್ಯವನ್ನು ಕನ್ನಡಕ್ಕೆ ತಂದಿದ್ದಾರೆ. ಏಕಾಗ್ರತೆಯ ಪಾಠ ಭ್ರಮರಕೀಟ ನ್ಯಾಯದ ತಾತ್ಪರ್ಯ. ಕಣಜದ ನಿಜಸ್ಥಿತಿ ತಿಳಿದ ಮೇಲೂ ಆ ತಾತ್ಪರ್ಯ ಅಲ್ಲೇ ನಿಲ್ಲುತ್ತದೆ.

ಮುಂದಿನ ಹೆಜ್ಜೆ

ಶತಮಾನಕ್ಕೂ ಮಿಕ್ಕಿದ ಈ ಅನುಭವ ಒಂದು ಮಾತನ್ನು ಖಚಿತವಾಗಿ ಹೇಳುತ್ತದೆ. ಆಚರಣೆಯನ್ನು ಹೊರಗೆ ನಿಂತು ಖಂಡಿಸಿದಾಗ ಭಕ್ತರು ಕಿವಿ ಮುಚ್ಚಿಕೊಂಡರು. ಅದರ ಒಳಗಿನ ಅರ್ಥವನ್ನೇ ಹಿಡಿದು ಪ್ರಾಣಿಯ ಕಡೆ ಕರೆದೊಯ್ದಾಗ ಜೊತೆಗೆ ನಡೆದರು. ಮಣ್ಣಿನ ಗಣಪತಿ, ನಾಗರಕಲ್ಲಿನ ತನಿ, ದೇವರ ಕಾಡು ಮೂರೂ ಇದನ್ನೇ ತೋರಿಸಿವೆ.

ಈಗ ಬೇಕಾದದ್ದು ದೊಡ್ಡ ಕಟ್ಟಡವಲ್ಲ. ಸಂಸ್ಕೃತ ಪಾಠಶಾಲೆಯ ವಿದ್ಯಾರ್ಥಿಗಳು ವರ್ಷದಲ್ಲಿ ಕೆಲವು ಭಾನುವಾರ ಲಾಲ್‌ಬಾಗಿಗೆ ಹೋಗಿ, ತಾವು ಬಾಯಿಪಾಠ ಮಾಡಿದ ಹಕ್ಕಿ, ಮರಗಳನ್ನು ಗುರುತಿಸಲಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಆ ಕೆರೆಗೆ ಹೋಗಿ ಬಂದವರು ಮೇಘದೂತದ ಹಂಸಗಳ ಪಯಣವನ್ನು ಬೇರೆ ದನಿಯಲ್ಲಿ ವಿವರಿಸುತ್ತಾರೆ. ಭಾಗವತ ಸಪ್ತಾಹ ಏರ್ಪಡಿಸುವವರು ಅವಧೂತನ ಪ್ರಸಂಗದ ದಿನ ಪ್ರವಚನಕಾರರ ಪಕ್ಕದಲ್ಲಿ ಒಬ್ಬ ಕೀಟಶಾಸ್ತ್ರಜ್ಞರಿಗೂ ಅರ್ಧ ಗಂಟೆ ಕೊಡಲಿ. ನ್ಯಾಷನಲ್ ಕಾಲೇಜಿನಿಂದ ಶಂಕರ ಮಠಕ್ಕೆ ನಡೆದು ಹೋಗಬಹುದಾದಷ್ಟೇ ದೂರ. ಆ ಹನ್ನೊಂದು ಜೀವಿಗಳನ್ನು ಗುರುಗಳೆಂದು ಒಪ್ಪಿಕೊಂಡ ಮೇಲೆ, ಅವು ಹೇಗೆ ಬದುಕುತ್ತವೆ ಎಂದು ತಿಳಿಯುವುದು ಶಿಷ್ಯರ ಕರ್ತವ್ಯವೇ ಆಗಿದೆ.